ತಪ್ಪು ಯಂತ್ರದ್ದಾದರೆ ಅದಕ್ಕೊಂದು ಚೀಟಿ ಇರಲಿ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಂದ ಬಂದಿರುವ ಕಂಪ್ಯೂಟರ್ ಆಪರೇಟರುಗಳೇ, ನ್ಯಾಯಬೆಲೆ ಅಂಗಡಿಯವರೇ, ಸೇವಾ ಕೇಂದ್ರ ನಡೆಸುವ ಗೆಳೆಯರೇ, ನೀವು ನನಗೆ ಅಧ್ಯಕ್ಷತೆಯ ಗೌರವ ಕೊಟ್ಟಿದ್ದೀರಿ. ಇನ್ನು ವಿಷಯಕ್ಕೆ ಬರುತ್ತೇನೆ.

ಅಡಿಕೆ ಸುಲಿದೂ ಸುಲಿದೂ ಬೆರಳಿನ ಗೆರೆ ಸವೆದ ಹೆಣ್ಣುಮಗಳು ಪಡಿತರಕ್ಕೆ ಬಂದು ಹೆಬ್ಬೆಟ್ಟು ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಒರೆಸಿ ಮತ್ತೆ ಒತ್ತುತ್ತಾಳೆ. ಅಷ್ಟರಲ್ಲಿ ಸರ್ವರ್ ಡೌನ್. ನಾಳೆ ಬಾ ಎನ್ನುತ್ತೇವೆ. ಅವಳ ಒಂದು ದಿನದ ಕೂಲಿ ಹೋಯಿತು. ಅವಳು ಬಂದಿದ್ದಳು, ಯಂತ್ರ ಕೈಕೊಟ್ಟಿತು ಎನ್ನುವುದಕ್ಕೆ ಅವಳ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ. ತಿಂಗಳು ಮುಗಿದ ಮೇಲೆ ದೂರು ಕೊಟ್ಟರೆ ಅಧಿಕಾರಿಗಳು ಅವಳನ್ನು ನಂಬುವುದಿಲ್ಲ, ಅಂಗಡಿಯವನನ್ನು ಅನುಮಾನಿಸುತ್ತಾರೆ. ಯಂತ್ರವನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಇಷ್ಟು ವರ್ಷ ನಾನು ಜಗಳವಾಡಿಕೊಂಡು ಬಂದಿರುವುದು ಇದೊಂದೇ ವಿಷಯಕ್ಕೆ.

ಹೆಬ್ಬೆಟ್ಟು ಹೊಂದದಿದ್ದರೂ ಆಧಾರ್ ಕಾರ್ಡ್ ನೋಡಿ, ಪ್ರತ್ಯೇಕ ಪುಸ್ತಕದಲ್ಲಿ ನಮೂದಿಸಿಕೊಂಡು ಧಾನ್ಯ ಕೊಡಬೇಕೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್ 24ರಂದೇ ಸೂಚನೆ ಹೊರಡಿಸಿದೆ. ಆ ಪುಸ್ತಕವನ್ನು ನಿಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೀರಿ?

ಪಡಿತರದ್ದೊಂದೇ ಕಥೆಯಲ್ಲ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರಾಗಿ ಹೊಲ ಬೇರೆ ಬೆಳೆಯಾಗಿ ದಾಖಲಾದರೆ, ಕಡೂರಿನ ರೈತ ಖರೀದಿ ಕೇಂದ್ರದ ಮುಂದೆ ಎಷ್ಟು ಹೊತ್ತು ನಿಂತರೂ ಅವನ ಹೆಸರು ನೋಂದಣಿಯಾಗುವುದಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸಕ್ಕೆ ದಿನಕ್ಕೆರಡು ಸಲ ಫೋಟೊ ಹಾಜರಿ ಕಡ್ಡಾಯವಾಯಿತು. ಲಿಂಗದಹಳ್ಳಿಯಾಚೆಯ ಗುಡ್ಡದ ಮಗ್ಗುಲಲ್ಲಿ ಸಿಗ್ನಲ್ ಸಿಗದೆ ಫೋಟೊ ಅಪ್‌ಲೋಡ್ ಆಗದಿದ್ದರೆ, ಮಣ್ಣು ಹೊತ್ತವರ ಹಾಜರಿ ಏನಾಗಬೇಕು? ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳ ಹೊರೆ, ಅದಕ್ಕೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್ ಇಲ್ಲದಿರುವುದು ಅವರ ದೂರು. ನಮ್ಮ ದೂರೂ ಅದೇ.

ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಏನಾಯಿತು ನೋಡಿ. ಫುಜಿತ್ಸು ಕಂಪನಿಯ ಹೊರೈಜನ್ ಎಂಬ ತಂತ್ರಾಂಶ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸಿತು. 1999ರಿಂದ 2015ರ ನಡುವೆ ಉಪ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನರು ಅಪರಾಧಿಗಳೆನಿಸಿಕೊಂಡರು. ಕೆಲವರು ಜೈಲಿಗೂ ಹೋದರು. ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ನ್ಯಾಯಾಲಯಗಳು ನಂಬಿದವು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಕಾಯ್ದೆಯೇ ಬೇಕಾಯಿತು. ಕೌಂಟರಿನ ಹಿಂದೆ ಕೂತವರ ಬಳಿ ಯಂತ್ರದ ತಪ್ಪಿಗೆ ದಾಖಲೆ ಇಲ್ಲದಿದ್ದರೆ ಎಂಥ ಅನ್ಯಾಯವಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ದೇಶದಲ್ಲಿ ಆದಾಯ ತೆರಿಗೆಯ ಹೊಸ ಪೋರ್ಟಲ್ 2021ರ ಜೂನ್ 7ರಂದು ಶುರುವಾಗಿ ಮುಗ್ಗರಿಸಿದಾಗ, ಆಗಸ್ಟ್ 23ರಂದು ಹಣಕಾಸು ಸಚಿವರು ಅದನ್ನು ರೂಪಿಸಿದ ಇನ್ಫೋಸಿಸ್‌ನ ಮುಖ್ಯಸ್ಥರನ್ನೇ ಕರೆಸಿ ವಿವರಣೆ ಕೇಳಿದರು. ಕೇಳಿದ್ದು ಸರಿ. ಶಿವನಿಯ ಪಡಿತರ ಅಂಗಡಿಯಲ್ಲಿ ಯಂತ್ರ ಮುಗ್ಗರಿಸಿದಾಗ ಯಾರನ್ನು ಕರೆಸುತ್ತಾರೆ? ನಮ್ಮನ್ನೇ, ನೋಟಿಸ್ ಕೊಟ್ಟು.

ಈ ತಂತ್ರಾಂಶಗಳು ಹೀಗೇಕೆ ಹುಟ್ಟುತ್ತವೆಂದು ನನಗೆ ಗೊತ್ತು. ಬೆಂಗಳೂರಿನ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಟೆಸ್ಟಿಂಗ್ ಕೆಲಸ ಮಾಡಿದವನು ನಾನು. ಬಿಡುಗಡೆಯ ದಿನ ಮೊದಲೇ ಗೊತ್ತಾಗಿರುತ್ತಿತ್ತು. ಕೋಡ್ ಬರೆಯುವುದು ತಡವಾದಷ್ಟೂ ಪರೀಕ್ಷೆಯ ದಿನಗಳನ್ನು ಕತ್ತರಿಸುತ್ತಿದ್ದರು. ನಾವು ಪಟ್ಟಿ ಮಾಡಿದ ದೋಷಗಳನ್ನು ಮುಂದಿನ ಆವೃತ್ತಿಗೆ ದೂಡುತ್ತಿದ್ದರು. ಹೆಚ್ಚು ದೋಷ ತೋರಿಸಿದವರಿಗೆ ತಂಡದ ಜೊತೆ ಹೊಂದಿಕೊಳ್ಳುವುದಿಲ್ಲ ಎಂಬ ಹೆಸರು ಬರುತ್ತಿತ್ತು. ವಾರಕ್ಕೆ 70 ಗಂಟೆ ದುಡಿಯಿರಿ ಎಂದು ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದರು. 2025ರಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ ಬಾಯಲ್ಲಿ ಅದು 90 ಆಯಿತು. ನಿದ್ದೆಗೆಟ್ಟ ಎಂಜಿನಿಯರ್ ರಾತ್ರಿ ಬಿಟ್ಟ ತಪ್ಪು ಬೆಳಿಗ್ಗೆ ಸಿಂಗಟಗೆರೆಯ ಸಾಲಿನಲ್ಲಿ ನಿಂತವರ ತಲೆಗೆ ಬರುತ್ತದೆ. ಗಂಟೆ ಹೆಚ್ಚಿಸುವ ಮಾತು ಎಲ್ಲರೂ ಆಡುತ್ತಾರೆ, ಪರೀಕ್ಷೆಗೆ ದಿನ ಹೆಚ್ಚಿಸುವ ಮಾತು ಯಾರೂ ಆಡುವುದಿಲ್ಲ.

ಕಂಪ್ಯೂಟರಿನಲ್ಲಿ ಕನ್ನಡದ ಪಾಡೂ ಬೇರೆಯಲ್ಲ. ನಮ್ಮ ಜಿಲ್ಲೆಯ ಸಾಹಿತಿ ತೇಜಸ್ವಿಯವರು ಕೊನೆಗಾಲದಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದು ಕೂತಿದ್ದರು. ರಾಜ್ಯ ಸರ್ಕಾರ 2012ರಲ್ಲಿ ಯುನಿಕೋಡ್ ಒಪ್ಪಿಕೊಂಡಿತು. ಇಂದಿಗೂ ಹಳೆಯ ಫಾಂಟಿನ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಎದುರಾಗುತ್ತವೆ.

ಒಂದು ಹಳೆಯ ನೋವನ್ನೂ ಹೇಳಿಬಿಡುತ್ತೇನೆ. ದೋಷಕ್ಕೆ ಚೀಟಿ ಕೊಡಬೇಕೆಂಬ ಠರಾವನ್ನು ನಾನು ಹಿಂದೆಯೂ ತಂದಿದ್ದೆ. ಅಧಿಕಾರಿಗಳಿಗೆ ಬೇಸರವಾಗುತ್ತದೆಂದು ನಮ್ಮವರೇ ಅದನ್ನು ಮನವಿಯ ಮಟ್ಟಕ್ಕೆ ಇಳಿಸಿದರು. ಮನವಿಗೆ ಉತ್ತರವೇ ಬರಲಿಲ್ಲ. ಹಾಗೆ ಮಾಡಿದವರು ಇಲ್ಲೇ ಕೂತಿದ್ದಾರೆ. ಅವರ ಮೇಲೆ ಗೌರವವಿದೆ, ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಸಲಹೆಗಳು ಇವು. ಒಂದು, ಯಂತ್ರ ಕೈಕೊಟ್ಟಾಗಲೆಲ್ಲ ದಿನಾಂಕ, ಸಮಯ, ಅಂಗಡಿ ಸಂಖ್ಯೆ, ಕಾರಣ ನಮೂದಾದ ಚೀಟಿ ಅಥವಾ ಮೊಬೈಲ್ ಸಂದೇಶ ಅಲ್ಲೇ ಸಿಗಬೇಕು. ಆ ದಿನದ ಲೋಪಕ್ಕೆ ಆಪರೇಟರನ್ನಾಗಲಿ ಫಲಾನುಭವಿಯನ್ನಾಗಲಿ ಹೊಣೆ ಮಾಡಬಾರದು. ಎರಡು, 2017ರ ಸೂಚನೆಯನ್ನು ಪ್ರತಿ ಅಂಗಡಿಯ ಮುಂದೆ ಕನ್ನಡದಲ್ಲಿ ಬರೆಸಬೇಕು. ಮೂರು, ಯಾವ ಆ್ಯಪ್ ಆಗಲಿ ಸಿಗ್ನಲ್ ಇಲ್ಲದಾಗಲೂ ಮಾಹಿತಿ ಉಳಿಸಿಕೊಳ್ಳಬೇಕು. ಜಾರಿಗೆ ಮೊದಲು ಶಿವನಿ, ಸಿಂಗಟಗೆರೆ, ಲಿಂಗದಹಳ್ಳಿಯಂಥ ಊರುಗಳಲ್ಲಿ, ಕಡಿಮೆ ಬೆಲೆಯ ಫೋನಿನಲ್ಲಿ ಒಂದು ತಿಂಗಳು ಪರೀಕ್ಷೆಯಾಗಬೇಕು. ನಾಲ್ಕು, ಬೀರೂರಿನಲ್ಲೊಂದು ಸರ್ಕಾರಿ ತಂತ್ರಾಂಶ ಪರೀಕ್ಷಾ ಕೇಂದ್ರ ತೆರೆದು, ನಮ್ಮ ಮಕ್ಕಳು ಬೆಂಗಳೂರಿನ ರೈಲು ಹತ್ತದೆ ಇಲ್ಲೇ ದುಡಿಯುವಂತಾಗಬೇಕು. ಐದು, ಕೋಡ್ ಬರೆಯುವ ಪ್ರತಿಯೊಬ್ಬ ಎಂಜಿನಿಯರ್ ವರ್ಷಕ್ಕೊಂದು ವಾರ ನಮ್ಮ ಕೌಂಟರಿನಲ್ಲಿ ಕೂರಬೇಕು. ಕೊನೆಯ ಎರಡು ದೂರದ ಮಾತೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಅವೂ ಬೇಕು.

ಮೊದಲನೆಯದು ಈಗ ಠರಾವಾಗಿ ನಿಮ್ಮ ಮುಂದಿದೆ. ಮನವಿ ಎಂಬ ಪದ ಅದರಲ್ಲಿ ಎಲ್ಲೂ ಬರಕೂಡದು. ಕೈಯೆತ್ತಿ ಅಂಗೀಕರಿಸಿ. ಮೂರೂ ತಾಲ್ಲೂಕಿನ ತಹಶೀಲ್ದಾರರಿಗೆ ಒಟ್ಟಿಗೇ ಹೋಗಿ ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ಬರೆಸಿಕೊಂಡು ಬರೋಣ.