ಪ್ರಶ್ನೆಪತ್ರಿಕೆಗೆ ಮೊದಲು ಕೇಳುವ ಪ್ರಶ್ನೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



‘ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ಮಾತಾಡಪ್ಪ’ ಎಂದು ಸಮಿತಿಯವರು ಹೇಳಿದ್ದರು. ಅದು ಈಗ ನನಗಿಂತ ಒಂಬತ್ತನೇ ತರಗತಿಯ ಮಕ್ಕಳಿಗೇ ಚೆನ್ನಾಗಿ ಗೊತ್ತು. ಅದರ ಬದಲು ಅಮೆರಿಕದ ಒಬ್ಬ ಮೇಷ್ಟ್ರ ವಿಷಯ ಹೇಳುತ್ತೇನೆ. ಹೆಸರು ಕ್ಲಾಡ್ ಸ್ಟೀಲ್, ಸಾಮಾಜಿಕ ಮನೋವಿಜ್ಞಾನಿ. ನಮ್ಮ ಕಂಪನಿಗಳಲ್ಲಿ ಆಗಾಗ ‘ಇನ್‌ಕ್ಲೂಷನ್’ ತರಬೇತಿ ಅಂತ ಮಾಡುತ್ತಾರೆ, ಅಂದರೆ ಎಲ್ಲರನ್ನೂ ಒಳಗೊಳ್ಳುವುದು ಹೇಗೆ ಎಂದು. ಅರ್ಧ ಜನ ಫೋನ್ ನೋಡುತ್ತಿರುತ್ತಾರೆ. ಅಲ್ಲಿ ಕೇಳಿದ ಹೆಸರುಗಳಲ್ಲಿ ನಾನು ಮನೆಗೆ ಬಂದು ಹುಡುಕಿ ಓದಿದ್ದು ಇವರೊಬ್ಬರದನ್ನೇ.

ಸ್ಟೀಲ್ ಹುಟ್ಟಿದ್ದು 1946ರಲ್ಲಿ, ಶಿಕಾಗೊದಲ್ಲಿ. ತಂದೆ ಕಪ್ಪು ಜನಾಂಗದವರು, ಟ್ರಕ್ ಚಾಲಕರು. ಏಳೆಂಟು ವರ್ಷದವರಿದ್ದಾಗ ಅವರಿಗೆ ಒಂದು ಸಂಗತಿ ತಿಳಿಯಿತು: ಅಲ್ಲಿನ ಈಜುಕೊಳಕ್ಕೆ ಕಪ್ಪು ಮಕ್ಕಳು ಬುಧವಾರ ಮಾತ್ರ ಇಳಿಯಬಹುದು. ಇಲ್ಲಿ ಕೂತಿರುವ ಹಿರಿಯರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೆರೆ-ಬಾವಿಗಳ ಕಥೆ ಅವರಿಗೆ ಗೊತ್ತು.

ಮುಂದೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಪ್ರವೇಶ ಪರೀಕ್ಷೆಯಲ್ಲಿ ಬಿಳಿಯ ಹುಡುಗನಷ್ಟೇ ಅಂಕ ಪಡೆದು ಬಂದ ಕಪ್ಪು ಹುಡುಗ ಕಾಲೇಜಿನೊಳಗೆ ಹಿಂದೆ ಬೀಳುತ್ತಿದ್ದ. ಬುದ್ಧಿ ಸಮ ಇದ್ದೇ ಬಂದವನು, ಮತ್ತೆ ಯಾಕೆ? ಜೋಷುವಾ ಆರನ್ಸನ್ ಎಂಬವರ ಜೊತೆ ಸೇರಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಯೋಗ ಮಾಡಿದರು, 1995ರಲ್ಲಿ ಪ್ರಕಟಿಸಿದರು. ಒಂದೇ ಕಷ್ಟದ ಪ್ರಶ್ನೆಪತ್ರಿಕೆ. ಒಂದು ಗುಂಪಿಗೆ ‘ಇದು ನಿಮ್ಮ ಸಾಮರ್ಥ್ಯ ಅಳೆಯುವ ಪರೀಕ್ಷೆ’ ಎಂದರು, ಇನ್ನೊಂದಕ್ಕೆ ‘ಸಮಸ್ಯೆ ಬಿಡಿಸುವುದು ಹೇಗೆ ಅಂತ ನೋಡುತ್ತಿದ್ದೇವೆ, ಅಷ್ಟೇ’ ಎಂದರು. ಮೊದಲ ಗುಂಪಿನಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದೆ ಬಿದ್ದರು. ಎರಡನೆಯದರಲ್ಲಿ ಆ ಅಂತರ ಬಹಳ ಕಡಿಮೆಯಾಯಿತು. ಇನ್ನೊಂದು ಪ್ರಯೋಗದಲ್ಲಿ, ಬರೆಯುವ ಮುಂಚೆ ‘ನಿಮ್ಮ ಜನಾಂಗ ಯಾವುದು’ ಎಂದು ಕೇಳಿದ್ದೇ ಫಲಿತಾಂಶ ಕೆಡಿಸಲು ಸಾಕಾಯಿತು. ‘ನಮ್ಮವರಿಗೆ ಇದು ಬರಲ್ಲ ಅಂತಾರಲ್ಲ, ಅದನ್ನು ನಾನೇ ನಿಜ ಮಾಡಿಬಿಟ್ಟರೆ?’ ಎಂಬ ಆತಂಕ ತಲೆಯ ಒಂದು ಭಾಗವನ್ನು ತಿಂದುಹಾಕುತ್ತದೆ, ಲೆಕ್ಕಕ್ಕೆ ಉಳಿಯುವುದು ಮಿಕ್ಕಿದ್ದು ಮಾತ್ರ. ಇದನ್ನು ಇಂಗ್ಲಿಷಿನಲ್ಲಿ ‘ಸ್ಟೀರಿಯೊಟೈಪ್ ಥ್ರೆಟ್’ ಅನ್ನುತ್ತಾರೆ. ನಾನು ಹಣೆಪಟ್ಟಿಯ ಭಯ ಎನ್ನುತ್ತೇನೆ.

ಬಿ.ಇ. ಮೊದಲ ವರ್ಷದ ಲ್ಯಾಬ್ ವೈವಾದಲ್ಲಿ ಪರೀಕ್ಷಕರೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ‘ಯಾವ ಮೀಡಿಯಂ?’ ಕನ್ನಡ, ಸಾರ್. ಆಮೇಲೆ ಡಯೋಡ್ ಬಗ್ಗೆ ಕೇಳಿದರು. ಹಿಂದಿನ ರಾತ್ರಿ ಮೂವರು ಗೆಳೆಯರಿಗೆ ನಾನೇ ಹೇಳಿಕೊಟ್ಟಿದ್ದ ವಿಷಯ ಅದು, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸ್ಟೀಲ್ ಅವರನ್ನು ಓದಿದ ಮೇಲೆ ಆ ಮಧ್ಯಾಹ್ನಕ್ಕೊಂದು ಹೆಸರು ಸಿಕ್ಕಿತು.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳ 6, 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು, ಬಿಡಿಸಿದಷ್ಟಕ್ಕೂ ದುಡ್ಡು. ಜಾತಿಯ ಪ್ರಸ್ತಾಪವೇ ಇಲ್ಲದಾಗ ಮೇಲ್ಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಜಾತಿ ಕೂಗಿ ಹೇಳಿದಾಗ ಕೆಳಜಾತಿಯವರೆನಿಸಿಕೊಂಡ ಹುಡುಗರು ಬಿಡಿಸುವ ಒಗಟುಗಳು ಕಡಿಮೆಯಾದವು.

ಎಲ್ಲವೂ ತೀರ್ಮಾನವಾಗಿಬಿಟ್ಟಿದೆ ಅಂತಲ್ಲ. ಸ್ಟೀಲ್ ಅವರ ಥರದ ಪ್ರಯೋಗ ಮತ್ತೆ ಮಾಡಿದ ಕೆಲವರಿಗೆ ಅಷ್ಟು ದೊಡ್ಡ ವ್ಯತ್ಯಾಸ ಸಿಗಲಿಲ್ಲ, ಕೆಲವರಿಗೆ ಏನೂ ಸಿಗಲಿಲ್ಲ. ವಾದ ನಡೆದೇ ಇದೆ. ಬಡತನ, ಪುಸ್ತಕವಿಲ್ಲದ ಮನೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ, ಇವನ್ನೆಲ್ಲ ಈ ಒಂದು ಭಯದ ಲೆಕ್ಕಕ್ಕೆ ಹಾಕಿದರೆ ಅದೂ ತಪ್ಪೇ.

ಸಂಶೋಧಕರಾಗಿದ್ದ ಸ್ಟೀಲ್ ಆಮೇಲೆ ಆಡಳಿತಕ್ಕೂ ಹೋದರು. 2009ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊವೊಸ್ಟ್ ಆದರು, ಅಂದರೆ ಇಡೀ ಶೈಕ್ಷಣಿಕ ವ್ಯವಹಾರದ ಮುಖ್ಯಸ್ಥರು. 2011ರಲ್ಲಿ ಸ್ಟ್ಯಾನ್‌ಫರ್ಡ್ ಶಿಕ್ಷಣ ವಿಭಾಗದ ಡೀನ್, 2014ರಲ್ಲಿ ಬರ್ಕ್ಲಿಯ ಪ್ರೊವೊಸ್ಟ್. ಅಲ್ಲಿಂದ 2016ರಲ್ಲಿ ಕುಟುಂಬದ ಕಾರಣ ಹೇಳಿ ಇಳಿದರು. ಆ ಹೊತ್ತಿಗೆ ಲೈಂಗಿಕ ಕಿರುಕುಳದ ದೂರೊಂದನ್ನು ವಿಶ್ವವಿದ್ಯಾಲಯ ನಿಭಾಯಿಸಿದ ರೀತಿಗೆ ಜೋರು ಟೀಕೆ ಬಂದಿತ್ತು, ಅದು ಅವರನ್ನೂ ಬಿಡಲಿಲ್ಲ. ಒಳಗೊಳ್ಳುವಿಕೆಯ ಬಗ್ಗೆ ಬರೆಯುವುದು ಬೇರೆ, ಕುರ್ಚಿಯಲ್ಲಿ ಕೂತು ನಡೆಸುವುದು ಬೇರೆ. ಹಾಗಂತ ಅವರ ಸಂಶೋಧನೆಯ ತೂಕ ನನಗೆ ಕಡಿಮೆಯೆನಿಸುವುದಿಲ್ಲ.

ಮೇಷ್ಟ್ರುಗಳಿಗೆ ಅವರ ಇನ್ನೊಂದು ಪ್ರಯೋಗ ಹೇಳಲೇಬೇಕು, 1999ರದ್ದು. ವಿದ್ಯಾರ್ಥಿಗಳ ಬರಹ ತಿದ್ದಿ ಬರೀ ತಪ್ಪು ತೋರಿಸಿದರೆ ಕಪ್ಪು ವಿದ್ಯಾರ್ಥಿಗಳು ‘ಇವರು ನನ್ನ ಬಣ್ಣ ನೋಡಿ ತಿದ್ದಿದ್ದಾರೆ’ ಎಂದುಕೊಂಡರು. ಮೊದಲು ನಾಲ್ಕು ಹೊಗಳಿಕೆ ಸೇರಿಸಿದರೂ ಅಷ್ಟು ಪ್ರಯೋಜನವಾಗಲಿಲ್ಲ. ‘ನನ್ನ ಅಳತೆ ಎತ್ತರದ್ದು, ಅದನ್ನು ನೀನು ಮುಟ್ಟಬಲ್ಲೆ’ ಎಂದು ಎರಡನ್ನೂ ಸೇರಿಸಿ ಹೇಳಿದಾಗ ಅದೇ ಕೆಂಪು ಶಾಯಿಯನ್ನು ನಂಬಿ ಮತ್ತೆ ಬರೆಯಲು ಸಿದ್ಧರಾದರು. ನಮ್ಮ ಗಣಿತದ ಮೇಷ್ಟ್ರು ಯಾವ ಪ್ರಯೋಗವನ್ನೂ ಓದದೆ ಅದನ್ನೇ ಮಾಡುತ್ತಿದ್ದರು: ‘ನಿನ್ನ ಕೈಲಿ ಆಗತ್ತೆ ಅಂತಲೇ ಕಣೋ ಇಷ್ಟು ಗೀಚಿರೋದು.’

ಗುರುಗಳಲ್ಲಿ ಒಂದು ಬೇಡಿಕೆ. ವಿದ್ಯಾರ್ಥಿವೇತನದ ಪಟ್ಟಿಯನ್ನು ಜಾತಿವಾರು ಓದಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವ ರೂಢಿ ಹಲವು ಶಾಲೆಗಳಲ್ಲಿತ್ತು. ಹಣ ಆ ಮಕ್ಕಳ ಹಕ್ಕು, ಬರಲೇಬೇಕು. ಅರ್ಜಿಯನ್ನು ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ತುಂಬಿಸಿದರೆ ಸಾಕು. ಪರೀಕ್ಷೆಯ ದಿನವಂತೂ ಆ ಕೆಲಸ ಬೇಡ.

ಸ್ಟೀಲ್ ತಮ್ಮ ಪುಸ್ತಕದಲ್ಲಿ ಬರ್ಕ್ಲಿಯ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಮೇಷ್ಟ್ರನ್ನು ನೆನೆಯುತ್ತಾರೆ. ಕಪ್ಪು ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಗಂಟೆಗಟ್ಟಲೆ ಓದಿ ಸೋಲುತ್ತಿದ್ದುದನ್ನು, ಚೀನೀ ಮೂಲದವರು ಗುಂಪಾಗಿ ಕೂತು ಲೆಕ್ಕ ಬಿಡಿಸುತ್ತಿದ್ದುದನ್ನು ಅವರು ಗಮನಿಸಿದರು. ಮೊದಲಿನವರನ್ನೂ ಗುಂಪಾಗಿ ಕೂರಿಸಿ ಕಷ್ಟದ ಲೆಕ್ಕಗಳನ್ನೇ ಕೊಟ್ಟರು, ಫಲಿತಾಂಶ ಏರಿತು. ನಮ್ಮ ಬ್ಯಾಚಿನ ಆರು ಜನ ಈ ಜೂನ್‌ನಿಂದ ಭಾನುವಾರ ಬೆಳಿಗ್ಗೆ ಇದೇ ಶಾಲೆಯಲ್ಲಿ ಹತ್ತನೇ ತರಗತಿಯವರಿಗೆ ಅಂಥದೊಂದು ಲೆಕ್ಕದ ಕೂಟ ನಡೆಸಬೇಕೆಂದಿದ್ದೇವೆ. ಎಲ್ಲ ಕೇರಿಯ ಮಕ್ಕಳೂ ಬೆರೆತು ಕೂರಬೇಕು, ಅದೊಂದೇ ಷರತ್ತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಹಳೆಯ ವಿದ್ಯಾರ್ಥಿಗಳು ಊಟದ ಪಂಕ್ತಿ ಶುರುವಾಗುವ ಮೊದಲು ನನ್ನ ಹತ್ತಿರ ಹೆಸರು ಬರೆಸಿ.