ನಡಿಗೆ ನಿಧಾನವಾದರೂ ಬದುಕು ನಿಲ್ಲದಿರಲಿ

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾವೆಲ್ಲ ಊರು ಬಿಟ್ಟು ಇಲ್ಲಿಗೆ ಬಂದುದು ದುಡಿಮೆಗಾಗಿ. ಠಾಣೆಯಲ್ಲಿರಲಿ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರಲಿ, ನಮ್ಮ ದಿನ ಆರಂಭವಾಗುವುದು ಲೋಕಲ್ ಗಾಡಿ ಹಿಡಿಯುವ ಓಟದಿಂದ. ಓಡಬಲ್ಲ ಕಾಲೇ ನಮ್ಮ ಬಂಡವಾಳ. ಆ ಕಾಲು ನಲವತ್ತರ ಪ್ರಾಯದಲ್ಲಿ, ಯಾವ ಅಪಘಾತವೂ ಇಲ್ಲದೆ, ಮೆಲ್ಲಮೆಲ್ಲನೆ ಮಾತು ಕೇಳದಂತಾದರೆ? ಅಂತಹ ಒಂದು ವ್ಯಾಧಿಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್; ಚಿಕ್ಕದಾಗಿ ಎಂ.ಎಸ್.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ಮಿದುಳು, ಬೆನ್ನುಹುರಿಗಳ ನರತಂತುಗಳಿಗೂ ಒಂದು ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಕೆಡಿಸುತ್ತದೆ. ಮಿದುಳಿನ ಆಜ್ಞೆ ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ. 1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೊ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು. ಬಹುಮಂದಿಯಲ್ಲಿ ಇದು ಮೊದಮೊದಲು ಬಂದು ಬಂದು ಇಳಿಯುತ್ತದೆ. ಅವರಲ್ಲಿ ಹಲವರಿಗೆ ವರ್ಷಗಳ ಅನಂತರ ಇಳಿಯದೆ ಏರತೊಡಗುತ್ತದೆ. 100ರಲ್ಲಿ 10–15 ಜನರಿಗೆ ಮೊದಲಿನಿಂದಲೇ ಏರುಮುಖ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲ. ಮೊದಲಿನಿಂದಲೇ ಏರುವ ಬಗೆಯ ವೇಗವನ್ನು ತಗ್ಗಿಸುವ ಓಕ್ರೆಲಿಜುಮಾಬ್ ಎಂಬ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದು ದುಬಾರಿ.

ಹಾಗಾದರೆ ಇಂತಹವರ ಬದುಕು ಮುಗಿಯಿತೇ? ಇಲ್ಲಿಯೇ ನಾವು ಎಡವುವುದು. ಕುರ್ಟ್ಜ್‌ಕೆ ಎಂಬ ವೈದ್ಯರು 1983ರಲ್ಲಿ ಪ್ರಕಟಿಸಿದ 0ಯಿಂದ 10ರವರೆಗಿನ ಅಳತೆಗೋಲನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಕೋಲು ಹಿಡಿದು ನೂರು ಮೀಟರು ನಡೆಯುವವನಿಗೆ ಅದರಲ್ಲಿ 6. ಅದು ಹೆಚ್ಚಾಗಿ ಅಳೆಯುವುದು ನಡಿಗೆಯನ್ನು. ಬದುಕಿನ ಸುಖ ಕಾಲಿನಲ್ಲಿ ಮಾತ್ರವೇ ಇದೆಯೇ? ಆದುದರಿಂದಲೇ 1995ರಲ್ಲಿ 54 ಪ್ರಶ್ನೆಗಳ ಬೇರೊಂದು ಪಟ್ಟಿ ಬಂದಿತು. ಆಯಾಸವೆಷ್ಟು, ನೋವೆಷ್ಟು, ಮನಸ್ಸು ಹೇಗಿದೆ, ಬಂಧುಮಿತ್ರರೊಡನೆ ಬೆರೆಯಲಾಗುತ್ತಿದೆಯೇ ಎಂಬುದನ್ನೆಲ್ಲ ಅದು ರೋಗಿಯನ್ನೇ ಕೇಳುತ್ತದೆ.

ಈ ಪ್ರಶ್ನೆಗಳನ್ನು ನಮ್ಮ ನಡುವಿಗೆ ತಂದು ನೋಡೋಣ. ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿರುವ ಒಬ್ಬ ಗುಮಾಸ್ತರನ್ನು ಊಹಿಸಿಕೊಳ್ಳಿ. ಅವರು ತೂರಾಡಿದರೆ ‘ಕುಡಿದಿದ್ದಾನೆ’ ಎನ್ನುತ್ತೇವೆ. ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟರೆ ‘ಸೋಮಾರಿ’ ಎನ್ನುತ್ತೇವೆ. ಆದರೆ ಆ ಆಯಾಸ ರೋಗದ್ದೇ. ನಿದ್ದೆ ಮಾಡಿದರೂ ಹೋಗದು. ಮೇ ತಿಂಗಳ ಸೆಕೆಯಲ್ಲಿ ನಿತ್ರಾಣ ಇನ್ನೂ ಹೆಚ್ಚುತ್ತದೆ. ತಣ್ಣೀರ ಬಟ್ಟೆ, ಫ್ಯಾನಿನ ಗಾಳಿಯಿಂದ ಮತ್ತೆ ಇಳಿಯುತ್ತದೆ. ಮೂತ್ರದ ಅವಸರಕ್ಕೆ ಅಂಜಿ ಕೆಲವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ಕೇಡು ಹೆಚ್ಚು. ವೈದ್ಯರೊಡನೆ ಸಂಕೋಚ ಬೇಡ, ಇದಕ್ಕೆ ಉಪಾಯಗಳುಂಟು. ತಕ್ಕ ವ್ಯಾಯಾಮವೂ ನೆರವಾಗುತ್ತದೆ. ಮನಸ್ಸಿನ ಕುಗ್ಗುವಿಕೆಗೂ ಚಿಕಿತ್ಸೆಯುಂಟು.

ಕಾನೂನೂ ಬೆನ್ನಿಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತಾನು ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಎಂ.ಎಸ್. ಅನ್ನೂ ಸೇರಿಸಿದೆ. ಸರಕಾರಿ ನೌಕರನಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಅವನನ್ನು ತೆಗೆದುಹಾಕಬಾರದು, ಹುದ್ದೆಯಿಂದ ಇಳಿಸಬಾರದು. ಆಗದ ಕೆಲಸವಾದರೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಬೇಕೆಂದು 20ನೆಯ ಕಲಮು ಹೇಳುತ್ತದೆ. ಖಾಸಗಿ ನೌಕರರಿಗೆ ಈ ಕಲಮಿನ ಆಸರೆಯಿಲ್ಲ. ಆದರೂ ಹೆದರಿ ರಾಜೀನಾಮೆ ಬರೆದುಕೊಡುವ ಮೊದಲು ಬಲ್ಲವರನ್ನು ಕೇಳಿರಿ. ವೈಕಲ್ಯದ ಪ್ರಮಾಣಪತ್ರ ಮಾಡಿಸಿಕೊಳ್ಳಿರಿ. ಲೋಕಲ್ ಗಾಡಿಯಲ್ಲಿ ಅಂಗವಿಕಲರಿಗೆಂದೇ ಡಬ್ಬಿಯುಂಟು. ಕಾಲು ಗಟ್ಟಿಯಿರುವ ನಾವು ಅದಕ್ಕೆ ನುಗ್ಗದಿರುವುದೂ ಒಂದು ಉಪಕಾರವೇ. 1985ರಲ್ಲಿ ಸ್ಥಾಪನೆಯಾದ ಭಾರತದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಶಾಖೆ ಮುಂಬಯಿಯಲ್ಲಿಯೇ ಇದೆ. ಅಲ್ಲಿ ಇದೇ ಕಷ್ಟವನ್ನು ಕಂಡವರ ಒಡನಾಟ ದೊರೆಯುತ್ತದೆ.

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ನಮ್ಮ ಸದಸ್ಯರೊಬ್ಬರು ಆರು ತಿಂಗಳಿನಿಂದ ವಾಚನಾಲಯಕ್ಕೆ ಬಂದಿಲ್ಲವೆಂದರೆ ‘ಬೇಸರವಾಗಿರಬೇಕು’ ಎಂದು ಸುಮ್ಮನಾಗುತ್ತೇವೆ. ಮೆಟ್ಟಿಲು ಅವರನ್ನು ತಡೆದಿರಬಹುದು. ಅಂತಹವರ ಮನೆಗೆ ವಾರಕ್ಕೊಮ್ಮೆ ಪುಸ್ತಕ ಮುಟ್ಟಿಸೋಣ. ಸಭೆಯನ್ನು ನೆಲಮಾಳಿಗೆಯಲ್ಲಲ್ಲ, ಮೇಲಂತಸ್ತಿನಲ್ಲೂ ಅಲ್ಲ, ರಸ್ತೆಗೆ ಸಮವಾದ ಕೋಣೆಯಲ್ಲಿ ಕೂಡಿಸೋಣ. ಹೋದಾಗ ಕನಿಕರದ ಮಾತು ಸಾಕು. ಲೆಕ್ಕಪತ್ರ ನೋಡಿಕೊಡಿರೆಂದೋ, ಈ ಪತ್ರಿಕೆಯ ಕರಡು ತಿದ್ದಿರೆಂದೋ ಕೇಳೋಣ. ತನ್ನಿಂದ ಇನ್ನೂ ನಾಲ್ವರಿಗೆ ಉಪಯೋಗವುಂಟು ಎಂಬ ನಂಬಿಕೆ ಇರುವವರೆಗೆ ಬದುಕಿಗೆ ರುಚಿಯಿರುತ್ತದೆ.

ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ರೋಗಿ ಒಂಟಿಯಾಗದಂತೆ ತಡೆಯುವುದು ನಮ್ಮ ಕೈಯಲ್ಲಿದೆ.