ವೇದಿಕೆಯ ಮಾತು, ಅಹವಾಲಿನ ಮಾತು

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಸಾರ್ವಜನಿಕ ಭಾಷಣದ ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಕೊಟ್ಟಿದ್ದಾರೆ. ಭಾಷಣವೆಂದರೆ ಕಲೋತ್ಸವದ ಸ್ಪರ್ಧೆ, ಅದು ಮಕ್ಕಳಿಗೆ ಸೇರಿದ್ದು ಎಂದು ತಾವು ಭಾವಿಸಿರಬಹುದು. ನಾನು ಇಂದು ಹೇಳುವುದು ಹೆತ್ತವರಾದ ತಮಗೆ.

ಸಭೆಯಲ್ಲಿ ನಿಂತು ಆಡುವ ಮಾತಿಗೆ ಒಂದೇ ಉದ್ದೇಶವಿರುವುದಿಲ್ಲ. ವಾರ್ಷಿಕ ವರದಿ ಓದುವವರು ವಿಷಯ ತಿಳಿಸುತ್ತಾರೆ. ನಿವೃತ್ತ ಅಧ್ಯಾಪಕರನ್ನು ಬೀಳ್ಕೊಡುವವರು ಗುಣಸ್ಮರಣೆ ಮಾಡುತ್ತಾರೆ. ಹೋರಾಟದ ಸಭೆಯಲ್ಲಿ ಮಾತನಾಡುವವರು ಜನರನ್ನು ಹುರಿದುಂಬಿಸುತ್ತಾರೆ. ಅಧಿಕಾರಿಯ ಮುಂದೆ ನಿಂತವರು ಅಹವಾಲು ಹೇಳಿ ಒಪ್ಪಿಸಬೇಕಾಗುತ್ತದೆ. ಈ ನಾಲ್ಕಕ್ಕೂ ಒಂದೇ ಧಾಟಿ ಸಲ್ಲದು.

ಈ ಭೇದ ನಮಗೆ ಹೊಸತಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆ ನಮ್ಮದು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆ ಕೇಳಿದವರು ಈ ಸಭೆಯಲ್ಲೂ ಇದ್ದಾರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಪಾತ್ರವನ್ನು ಮಾತಿನಲ್ಲೇ ಕಟ್ಟಬೇಕು. ಕೃಷ್ಣ ಸಂಧಾನದ ಪ್ರಸಂಗವನ್ನು ನೆನೆಯಿರಿ. ಪಾಂಡವರ ಪಾಲು ಕೇಳಲು ಹೋದವನು ಐದು ಗ್ರಾಮವಾದರೂ ಸಾಕು ಎನ್ನುವಲ್ಲಿಗೆ ಇಳಿಯುತ್ತಾನೆ. ಏನು ಕೇಳಬೇಕು, ಎಷ್ಟಕ್ಕೆ ಒಪ್ಪಬಹುದು ಎಂಬುದು ಅವನಿಗೆ ಗೊತ್ತು. ಅದೇ ಕೃಷ್ಣ ರಣರಂಗದಲ್ಲಿ ಅರ್ಜುನನನ್ನು ಎಬ್ಬಿಸುವಾಗ ಆಡುವ ಮಾತೇ ಬೇರೆ. ಸಂಧಾನ ಫಲಿಸಲಿಲ್ಲ, ನಿಜ. ಆದರೆ ನ್ಯಾಯ ಕೇಳಿದವರು ಯಾರು, ಕೊಡೆನೆಂದವರು ಯಾರು ಎಂಬುದು ತುಂಬಿದ ಸಭೆಗೆ ತಿಳಿಯಿತು.

ಈಗ ನಮ್ಮ ಸಂಗತಿಗೆ ಬರೋಣ. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕಗೊಂಡು ಬಂದ ಉದಾಹರಣೆಗಳು ಈ ಜಿಲ್ಲೆಯಲ್ಲಿವೆ. ಮಗುವಿಗೆ ಪಾಠ ಅರ್ಥವಾಗದು, ಸಂಶಯ ಕೇಳಲೂ ಬಾರದು. ಆಗ ಹೆತ್ತವರ ಸಭೆ ಸೇರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ ತೊಡಗಿ 1967ರ ಮಹಾಜನ ವರದಿಯವರೆಗೆ ಆವೇಶದ ಭಾಷಣಗಳಾಗುತ್ತವೆ, ಚಪ್ಪಾಳೆ ಬೀಳುತ್ತದೆ. ಜನ ಒಗ್ಗೂಡಲು ಅದೂ ಬೇಕು. ಆದರೆ ಮರುದಿನ ಅದೇ ಭಾಷಣವನ್ನು ಶಿಕ್ಷಣಾಧಿಕಾರಿಯ ಮೇಜಿನ ಮುಂದೆ ಮಾಡಿದರೆ ಪ್ರಯೋಜನವಿಲ್ಲ. ಗಡಿ ಬದಲಿಸುವುದು ಅವರ ಕೈಯಲ್ಲಿಲ್ಲ. ನಮ್ಮ ತರಗತಿಯ ಸ್ಥಿತಿಯನ್ನು ಮೇಲಿನವರಿಗೆ ವರದಿ ಮಾಡುವುದು ಅವರ ಕೈಯಲ್ಲಿದೆ.

ಆದುದರಿಂದ ಅಲ್ಲಿ ಹೇಳಬೇಕಾದುದು ಇಷ್ಟೇ: ಯಾವ ತರಗತಿ, ಯಾವ ವಿಷಯ, ಎಷ್ಟು ಮಕ್ಕಳು, ಯಾವ ತಾರೀಕಿನಿಂದ ತೊಂದರೆ, ಏನಾಗಬೇಕು, ಎಷ್ಟು ದಿನದೊಳಗೆ ಆಗಬೇಕು. ಐದು ನಿಮಿಷ ಸಾಕು. ಒಬ್ಬರೇ ಮಾತನಾಡಲಿ, ಉಳಿದವರು ಜೊತೆಗಿರಲಿ. ಬಂದ ಅಧ್ಯಾಪಕರನ್ನು ಹಳಿಯಬೇಡಿ. ಅವರೂ ಆಜ್ಞೆಯಂತೆ ಬಂದವರು. ಬಾಯಲ್ಲಿ ಹೇಳಿದ್ದನ್ನೇ ಬರಹದಲ್ಲೂ ಕೊಟ್ಟು, ತಮ್ಮ ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ.

ಕನ್ನಡದಲ್ಲಿ ಬರೆದರೆ ಆದೀತೇ ಎಂದು ಹಲವರು ಕೇಳುತ್ತಾರೆ. ಖಂಡಿತ ಆಗುತ್ತದೆ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಇದು ಸೊಲ್ಲಾಪುರಕ್ಕೂ ತಾಳವಾಡಿಗೂ ಸಮಾನವಾಗಿ ಅನ್ವಯಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸೇರಿಸಿದ 350ಎ ವಿಧಿ ಹೇಳುತ್ತದೆ. ಮನವಿಯಲ್ಲಿ ಈ ಎರಡು ಸಂಖ್ಯೆಗಳನ್ನು ಕಾಣಿಸಿರಿ.

ಗ್ರಾಮಸಭೆಯನ್ನೂ ಬಿಡಬೇಡಿ. ಕೇರಳದ 1994ರ ಪಂಚಾಯತ್ ರಾಜ್ ಕಾಯಿದೆಯಂತೆ ಪ್ರತಿ ವಾರ್ಡಿನಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಅಲ್ಲಿ ಮಲಯಾಳ ಮನೆಮಾತಿನ ನೆರೆಯವರೂ ಇರುತ್ತಾರೆ. ಅಲ್ಲಿ ನಮ್ಮ ಉದ್ದೇಶ ತಿಳಿಸಿ ಹೇಳುವುದು. ನಮ್ಮ ಮಕ್ಕಳು ಮಲಯಾಳ ಕಲಿಯುವುದಕ್ಕೆ ನಮ್ಮ ಅಡ್ಡಿಯಿಲ್ಲ, ಗಣಿತ, ವಿಜ್ಞಾನಗಳು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಲಿ ಎಂದು ಸಮಾಧಾನದಿಂದ ಹೇಳಿದರೆ ನೆರೆಯವರೂ ತಲೆದೂಗುತ್ತಾರೆ. ಹೇಳಿದ್ದು ನಡಾವಳಿಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಿ.

"ಮನೆಯಲ್ಲಿ ತುಳು, ಕೊಂಕಣಿ ಆಡುವವರು ನಾವು, ನಮ್ಮ ಕನ್ನಡ ಶುದ್ಧವಿಲ್ಲ" ಎಂದು ಹಿಂಜರಿಯುವ ತಾಯಂದಿರಿದ್ದಾರೆ. ಅಮ್ಮಂದಿರೇ, ಸ್ಪರ್ಧೆಯಲ್ಲಿ ಉಚ್ಚಾರಕ್ಕೆ ಅಂಕ ಕೊಡುತ್ತಾರೆ, ಅಹವಾಲಿಗೆ ಅಂಕ ಹಾಕುವವರಿಲ್ಲ. ಮಗು ರಾತ್ರಿ ಪುಸ್ತಕ ಮುಚ್ಚಿಟ್ಟು ಅಳುವುದನ್ನು ಕಂಡವರು ತಾವು. ಅದನ್ನು ತಾವೇ ಹೇಳಬೇಕು. ನಾವು ಅಧ್ಯಾಪಕರು ಹೇಳಿದರೆ ಅಷ್ಟು ನಾಟದು.

ತಮ್ಮಲ್ಲಿ ಒಂದು ವಿನಂತಿ. ಇಂದು ಏಳುವ ಮೊದಲು, ಶಾಲೆಯ ಪರವಾಗಿ ಮಾತನಾಡಲು ಇಬ್ಬರನ್ನು ಆರಿಸಿರಿ, ಒಬ್ಬರು ತಾಯಿಯಾಗಿರಲಿ. ತರಗತಿವಾರು ಮಕ್ಕಳ ಸಂಖ್ಯೆ, ಖಾಲಿ ಹುದ್ದೆಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಲಿ. ತೊಂದರೆ ಬಂದ ದಿನ ಹುಡುಕುವುದು ಬೇಡ.